ಸೋಂಕು ತಡೆ ತರಬೇತಿಗೆ ಒಳ್ಳೆಯ ಪಿಪಿಟಿ ಬೇಕಾ? ಬೇಡ ಬಿಡಿ

ಶಿರಸಿಯ ನಿಮ್ಮ ನರ್ಸಿಂಗ್ ಹೋಮಿನಲ್ಲಿ ಎರಡು ಗಂಟೆಯ ಸೋಂಕು ತಡೆ ತರಬೇತಿ, ಅದಕ್ಕೆ ಒಳ್ಳೆಯ ಪಿಪಿಟಿ ಬೇಕು ಅಂತ ಕೇಳಿದ್ದೀರಿ. ಓದಿ ನಗು ಬಂತು. ಆರು ವರ್ಷದ ಹಿಂದೆ ನಾನೂ ಇದನ್ನೇ ಹುಡುಕಿದ್ದೆ.

ಆಗ ನಾನು ಕರಾವಳಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸ್. 64 ಸ್ಲೈಡ್ ಮಾಡಿದ್ದೆ. 1847ರಲ್ಲಿ ಸೆಮ್ಮೆಲ್‌ವೈಸ್ ಎಂಬ ಡಾಕ್ಟರು ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಎಲ್ಲರಿಂದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿದ ಕತೆಯೂ ಅದರಲ್ಲಿತ್ತು. ಕೈ ತೊಳೆಯುವ ಹಂತಗಳನ್ನು ಎಲ್ಲರೂ ಬಾಯಿಪಾಠ ಒಪ್ಪಿಸಿದರು. ಊಟಕ್ಕೆ ಹೊತ್ತಾಗಿತ್ತು. ಎದ್ದು ಹೊರಟವರಿಗೆ ಹಿಂದಿನಿಂದ ಕೂಗಿ ಹೇಳಿದೆ: "ಬೇರೆ ಏನೇ ಮರೆತರೂ ಗ್ಲೌಸ್ ಮರೀಬೇಡಿ!"

ಕೆಟ್ಟಿದ್ದು ಅಲ್ಲೇ. ಉಳಿದ 64 ಸ್ಲೈಡೂ ಮರೆತುಹೋಯಿತು, ಈ ಮಾತೊಂದು ಉಳಿಯಿತು. ಗ್ಲೌಸ್ ಹಾಕಿದ ಮೇಲೆ ಕೈ ತೊಳೆಯುವುದು ಯಾಕೆ ಅಂತ ಅವರಿಗೆ ಅನಿಸಿತು. ತಪ್ಪು ಅವರದ್ದಲ್ಲ, ನಾನೇ ಹಾಗೆ ಹೇಳಿಕೊಟ್ಟಿದ್ದೆ. ಗ್ಲೌಸ್ ಹಾಕಿದವರಿಗೆ ತಮ್ಮ ಕೈ ಚೊಕ್ಕ ಇದೆ ಅನಿಸುತ್ತದೆ, ಸರಿ. ಆದರೆ ಅದೇ ಗ್ಲೌಸಿನಲ್ಲಿ ಒಂದು ಮಂಚದಿಂದ ಇನ್ನೊಂದಕ್ಕೆ ಹೋದರೆ ಮೊದಲನೆಯವಳ ಕೀವು ಎರಡನೆಯವಳ ಹೊಲಿಗೆಗೆ. ಗ್ಲೌಸ್ ಪ್ರತಿ ರೋಗಿಗೂ ಬದಲಾಗಬೇಕು. ಹಾಕುವ ಮುಂಚೆ, ಬಿಚ್ಚಿದ ಮೇಲೆ ಕೈ ತೊಳೆಯಬೇಕು, ಇಲ್ಲವೇ ಸ್ಯಾನಿಟೈಸರ್ ಹಾಕಿ ಉಜ್ಜಬೇಕು. ಗ್ಲೌಸಿನಲ್ಲಿ ಕಣ್ಣಿಗೆ ಕಾಣದ ತೂತು ಇರಬಹುದು, ಬಿಚ್ಚುವಾಗಲೂ ಕೊಳೆ ಕೈಗೆ ಹತ್ತಬಹುದು. ಇದು ಮೂವತ್ತೆಂಟನೇ ಸ್ಲೈಡಿನಲ್ಲಿ ಇತ್ತು! ಯಾರಿಗೆ ಬೇಕು ಅದು?

ಆಗಸ್ಟಿನಲ್ಲಿ ಸಿಸೇರಿಯನ್ ಆದ ಇಬ್ಬರ ಹೊಲಿಗೆ ಒಂದೇ ವಾರದಲ್ಲಿ ಕೀವಾಯಿತು. ಗ್ಲೌಸಿನಿಂದಲೇ ಆಯಿತು ಎಂದು ಹೇಳಲು ನನ್ನ ಹತ್ತಿರ ಲ್ಯಾಬ್ ರಿಪೋರ್ಟ್ ಇಲ್ಲ. ಆದರೆ ಒಂದೇ ಜೊತೆ ಗ್ಲೌಸಿನಲ್ಲಿ ಮೂರು ಡ್ರೆಸ್ಸಿಂಗ್ ಆಗಿದ್ದನ್ನು ನಾನೇ ಕಂಡೆ. ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಕಡಲಿಗೆ ಇಳಿದಿದ್ದವು. ಒಬ್ಬಳ ಗಂಡ ಮಾತ್ರ ಒಂಬತ್ತು ದಿನ ನಮ್ಮ ವರಾಂಡದಲ್ಲೇ ಕೂತಿದ್ದ. ಅವನ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಹಾಗಾಗಿ ಪಿಪಿಟಿ ಬಿಡಿ. ಹಾಲ್ ಕೂಡ ಬೇಡ, ವಾರ್ಡಿಗೇ ಹೋಗಿ. ಮೊದಲು ಸುಮ್ನೆ ಅರ್ಧ ಗಂಟೆ ನಿಂತು ನೋಡಿ. ಸಿಂಕ್ ಎಷ್ಟು ದೂರ, ಸೋಪು ಇದೆಯಾ. ನಮ್ಮಲ್ಲಿ ಸಿಂಕ್ ಸ್ಟೋರ್ ರೂಮಿನ ಹಿಂದಿತ್ತು, ಅಷ್ಟು ದೂರ ಯಾರು ಹೋಗುತ್ತಾರೆ ಹೇಳಿ! ಡ್ರೆಸ್ಸಿಂಗ್ ಟ್ರಾಲಿಗೇ ಸ್ಯಾನಿಟೈಸರ್ ಬಾಟಲಿ ಕಟ್ಟಿ. ಕೈ ಕೊಳೆಯಾಗಿಲ್ಲದಿದ್ದರೆ 20–30 ಸೆಕೆಂಡ್ ಉಜ್ಜಿದರೆ ಸಾಕು. ಕೊಳೆ ಕಂಡರೆ ಸೋಪು, ನೀರು. ಕಸ ಗುಡಿಸುವವರನ್ನೂ ಆಯಾಗಳನ್ನೂ ಕರೆಯಿರಿ. ಕೊಂಕಣಿಯವರಿದ್ದರೆ ಕೊಂಕಣಿಯಲ್ಲೇ ಹೇಳಿ.

ಆಮೇಲೆ ನನ್ನ ಅರಿಶಿನದ ಆಟ. ಎಣ್ಣೆಯಲ್ಲಿ ಕಲಸಿದ ಅರಿಶಿನವನ್ನು ಒಬ್ಬರ ಗ್ಲೌಸಿಗೆ ಹಚ್ಚಿ, ರೋಗಿ ಇಲ್ಲದ ಖಾಲಿ ಮಂಚದ ಹತ್ತಿರ ದಿನದ ಕೆಲಸ ಮಾಡಿಸಿ. ಪರದೆ, ಬಾಗಿಲ ಹಿಡಿ, ಬಿಪಿ ಮಷೀನು, ಎಲ್ಲಾ ಹಳದಿ. ನಾನು ಇದನ್ನು ಮೊದಲ ಸಲ ಮಾಡಿಸಿದಾಗ ಯಾರು ಎಲ್ಲಿ ಮುಟ್ಟಿದರು ಅಂತ ಜೋರಾಗಿ ಬರೆದುಕೊಳ್ಳುತ್ತಿದ್ದೆ. ಹಿರಿಯ ಆಯಾ ಒಬ್ಬರು ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಸಿಸ್ಟರ್, ನಿಮ್ಮ ಪೆನ್ನು ನೋಡಿ."