ಜಿನೀವಾದ ಹವಾಮಾನ–ಆರೋಗ್ಯ ಕಚೇರಿಯಲ್ಲಿ ಆಡಳಿತ ಸಹಾಯಕರ ಕೆಲಸ ನಿಜಕ್ಕೂ ಏನು? ಬೆಂಗಳೂರಿನಿಂದ ಅರ್ಜಿ ಹಾಕಬಹುದೇ?

ಬಿ.ಕಾಂ. ಓದಿ ಬೆಂಗಳೂರಿನಲ್ಲಿ ಆಫೀಸ್ ಅಡ್ಮಿನ್ ಆಗಿದ್ದೇನೆ, ಹವಾಮಾನ ವಿಜ್ಞಾನ ಗೊತ್ತಿಲ್ಲ, ಈ ಕೆಲಸ ನನಗೆ ಆಗುತ್ತದೆಯೇ ಅಂತ ಕೇಳಿದ್ದೀರಿ. ವಿಜ್ಞಾನ ಬೇಕಿಲ್ಲ. ಪಾಸ್‌ಪೋರ್ಟನ್ನು ಅಕ್ಷರ ಬಿಡದೆ ಓದುವ ತಾಳ್ಮೆ ಬೇಕು. ಅರ್ಜಿಯ ವಿಷಯ ಸ್ವಲ್ಪ ಸಿಕ್ಕಿನದು, ಅದನ್ನು ಕೊನೆಗೆ ಹೇಳುತ್ತೇನೆ.

ಉದಾಹರಣೆಗೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವ ಹವಾಮಾನ ಸಂಸ್ಥೆಗಳ ಜಂಟಿ ಕಚೇರಿಯನ್ನೇ ತೆಗೆದುಕೊಳ್ಳಿ. 2014ರಲ್ಲಿ ಜಿನೀವಾದಲ್ಲಿ ಶುರುವಾಯಿತು, ಈಗ ಜಂಟಿ ಕಾರ್ಯಕ್ರಮ ಅನ್ನುತ್ತಾರೆ. ಬಿಸಿಗಾಳಿ, ಡೆಂಗಿ, ವಾಯುಮಾಲಿನ್ಯದ ಬಗ್ಗೆ ಹವಾಮಾನ ಇಲಾಖೆಯವರನ್ನೂ ಆರೋಗ್ಯ ಇಲಾಖೆಯವರನ್ನೂ ಒಂದೇ ಮೇಜಿಗೆ ಕೂರಿಸುವುದು ಇಂಥ ಕಚೇರಿಯ ಕಸುಬು. ತಜ್ಞರು ಏನು ಮಾತಾಡಬೇಕು ಅನ್ನುವುದು ವಿಜ್ಞಾನಿಗಳ ತಲೆನೋವು. ಅವರು ಆ ದಿನ ಆ ಕೋಣೆಯಲ್ಲಿ ಇರುವಂತೆ ನೋಡಿಕೊಳ್ಳುವುದು ನಿಮ್ಮದು.

ಮೊದಲ ತೊಡಕು ಆಹ್ವಾನ ಪತ್ರದಲ್ಲೇ. ಸರ್ಕಾರಿ ಅಧಿಕಾರಿಗೆ ನೇರವಾಗಿ ಇಮೇಲ್ ಮಾಡಿ ಕರೆದರೆ ಅವರು ಹೊರಡಲಾರರು. ಹವಾಮಾನ ಸಂಸ್ಥೆಯ ಪತ್ರ ಆಯಾ ದೇಶದ ಕಾಯಂ ಪ್ರತಿನಿಧಿಗೆ ಹೋಗಬೇಕು. ಭಾರತಕ್ಕೆ ಅದು ಹವಾಮಾನ ಇಲಾಖೆಯ ಮಹಾನಿರ್ದೇಶಕರು. ಆರೋಗ್ಯದ ಕಡೆಯ ಪತ್ರ ಆರೋಗ್ಯ ಸಚಿವಾಲಯಕ್ಕೆ, ಆ ದೇಶದಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕಚೇರಿಯ ಮೂಲಕ. ಬೀಗರಿಬ್ಬರ ಮನೆಗೂ ಬೇರೆ ಬೇರೆ ಲಗ್ನಪತ್ರಿಕೆ ಹೋಗಬೇಕಲ್ಲ, ಹಾಗೆ. ಒಂದು ಕಡೆಗೆ ಮಾತ್ರ ಹೋದರೆ ಇನ್ನೊಂದು ಇಲಾಖೆ ಹೆಸರೇ ಸೂಚಿಸುವುದಿಲ್ಲ. ಭಾರತದ ಅಧಿಕಾರಿಗಳಿಗಾದರೆ ಇದರ ಮೇಲೆ ವಿದೇಶಾಂಗ ಸಚಿವಾಲಯದ ರಾಜಕೀಯ ಅನುಮತಿಯೂ ಆಗಬೇಕು. ಸರ್ಕಾರದ ಪ್ರತಿನಿಧಿಯಾಗಿ ಅಲ್ಲದೆ ಸ್ವಂತ ನೆಲೆಯಲ್ಲಿ ಬರುವ ತಜ್ಞರಿಂದ ಹಿತಾಸಕ್ತಿ ಘೋಷಣೆಯ (ಸಭೆಯ ವಿಷಯದಲ್ಲಿ ತಮಗೆ ಸ್ವಂತ ಲಾಭದ ಸಂಬಂಧ ಇದೆಯೇ ಅಂತ ತಿಳಿಸುವ) ಫಾರ್ಮ್ ತುಂಬಿಸಿಕೊಳ್ಳಬೇಕು. ಅದನ್ನು ವಿಜ್ಞಾನಿಗಳು ನೋಡಿ ಒಪ್ಪಿದ ಮೇಲೆಯೇ ಟಿಕೆಟ್ ವಿಚಾರ.

ಆಮೇಲೆ ವೀಸಾ. ಜಿನೀವಾ ಇರುವ ಸ್ವಿಟ್ಜರ್ಲೆಂಡಿಗೆ ಬೇಕಾದದ್ದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ. ಅದಕ್ಕೆ ಪ್ರಯಾಣದ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕಡೇಪಕ್ಷ 15 ದಿನ ಮುಂಚೆ ಹಾಕಲೇಬೇಕು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಅನುಮಾನ ಬಂದರೆ 45 ದಿನದವರೆಗೂ ಎಳೆಯಬಹುದು. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸಾಗುವ ದಿನದ ನಂತರ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ಪ್ರಯಾಣ ವಿಮೆ 30,000 ಯೂರೋಗೆ ಕಡಿಮೆ ಇರಬಾರದು. ಇದನ್ನೆಲ್ಲ ಲೆಕ್ಕ ಹಾಕಿದರೆ ಪಾಸ್‌ಪೋರ್ಟಿನ ಸ್ಕ್ಯಾನ್ ನಿಮ್ಮ ಕೈಗೆ ಸಭೆಗೆ ಮೂರು ತಿಂಗಳು ಮೊದಲು ಬರಬೇಕು. ಆಫ್ರಿಕಾದ ಕೆಲವು ದೇಶಗಳಲ್ಲಿ ಸ್ವಿಸ್ ವೀಸಾ ಅರ್ಜಿ ತೆಗೆದುಕೊಳ್ಳುವವರೇ ಇಲ್ಲ. ಅಲ್ಲಿಯವರು ಪಕ್ಕದ ದೇಶಕ್ಕೆ ಹೋಗಿ ಬೆರಳಚ್ಚು ಕೊಟ್ಟು ಬರಬೇಕು, ಆ ಓಡಾಟದ ಖರ್ಚನ್ನೂ ಬಜೆಟ್ಟಿನಲ್ಲಿ ಮೊದಲೇ ಸೇರಿಸಿರಬೇಕು. ವೀಸಾ ಅರ್ಜಿಯ ಜೊತೆ ಪಾಸ್‌ಪೋರ್ಟ್ ಅಲ್ಲೇ ಉಳಿಯುತ್ತದೆ. ಅದೇ ತಿಂಗಳಲ್ಲಿ ಅವರಿಗೆ ಇನ್ನೊಂದು ವಿದೇಶ ಪ್ರವಾಸ ಇದೆಯೇ ಅಂತ ಕೇಳುವುದನ್ನು ಬಹಳ ಜನ ಮರೆಯುತ್ತಾರೆ.

ಹೆಸರಿನ ಗೋಜಲಿನಲ್ಲಿ ನಮ್ಮ ಕಡೆಯವರು ಬೇಗ ಸಿಕ್ಕಿಬೀಳುತ್ತಾರೆ. ಒಬ್ಬರು ಬ್ಯಾಂಕಿನಲ್ಲಿ ‘ಎಚ್.ಎಸ್. ಮಂಜುನಾಥ’, ಪಾಸ್‌ಪೋರ್ಟಿನಲ್ಲಿ ‘ಹಲಗೂರು ಶಿವಣ್ಣ ಮಂಜುನಾಥ’, ಸರ್‌ನೇಮ್ ಜಾಗ ಖಾಲಿ, ಇಮೇಲಿನಲ್ಲಿ ‘ಮಂಜು ಶಿವಣ್ಣ’ ಅಂತ ಇಟ್ಟುಕೊಳ್ಳಿ. ನೀವು ಇಮೇಲ್ ನೋಡಿ ಆಹ್ವಾನ ಪತ್ರ ಟೈಪ್ ಮಾಡಿದರೆ ವೀಸಾದವರು ತಿರಸ್ಕರಿಸಬಹುದು, ಟಿಕೆಟ್ ಮಾಡಿಸಿದರೆ ಕೌಂಟರಿನಲ್ಲಿ ನಿಲ್ಲಿಸುತ್ತಾರೆ, ಭತ್ಯೆ ಕಳಿಸಿದರೆ ಬ್ಯಾಂಕ್ ವಾಪಸು ಮಾಡುತ್ತದೆ. ಆದ್ದರಿಂದ ಪಾಸ್‌ಪೋರ್ಟಿನ ಫೋಟೋ ಪುಟದ ತಳದಲ್ಲಿ ಬಾಣದ ಗುರುತುಗಳಿರುವ ಎರಡು ಸಾಲು ಇದೆಯಲ್ಲ, ಅದನ್ನು ನೋಡಿಯೇ ಹೆಸರು ಬರೆದುಕೊಳ್ಳಿ. ಸರ್‌ನೇಮ್ ಯಾವುದು, ಗಿವನ್ ನೇಮ್ ಯಾವುದು ಅಂತ ಸಾಮಾನ್ಯವಾಗಿ ಅಲ್ಲಿ ತಿಳಿಯುತ್ತದೆ. ಒಂದೇ ಪದದ ಹೆಸರಿದ್ದರೆ ಇನ್ನೂ ಎಚ್ಚರ. 2022ರ ನವೆಂಬರಿನಲ್ಲಿ ಯುಎಇ ಅಂಥ ಪಾಸ್‌ಪೋರ್ಟಿನವರಿಗೆ ವಿಸಿಟ್ ವೀಸಾದ ಮೇಲೆ ಪ್ರವೇಶ ಇಲ್ಲ ಅಂದಿತು. ಆಮೇಲೆ ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸರಿ ಅಂತ ಸಡಿಲಿಸಿತು. ಮರುವರ್ಷವೇ ಯುಎಇಯ ದುಬೈನಲ್ಲಿ ವಿಶ್ವಸಂಸ್ಥೆಯ ಹವಾಮಾನ ಶೃಂಗಸಭೆ ಸಿಒಪಿ28 ಇತ್ತು. ಹವಾಮಾನ ಶೃಂಗಸಭೆಗಳಲ್ಲಿ ಮೊಟ್ಟಮೊದಲ ಆರೋಗ್ಯ ದಿನ ನಡೆದದ್ದೂ ಅಲ್ಲೇ, 2023ರ ಡಿಸೆಂಬರ್ 3ರಂದು. ಆ ದಿನಾಂಕವನ್ನು ಯಾವ ಕಾಗದದಲ್ಲೂ 03/12 ಅಂತ ಬರೆಯಬೇಡಿ, ಅಮೆರಿಕದವರು ಮಾರ್ಚ್ 12 ಅಂತ ಓದುತ್ತಾರೆ. ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ.

ಹಣದ ವಿಷಯ: ದಿನಭತ್ಯೆಗೆ ಡಿಎಸ್‌ಎ ಅನ್ನುತ್ತಾರೆ. ಊರೂರಿಗೆ ದರ ಬೇರೆ, ಪಟ್ಟಿ ತಿಂಗಳಿಗೊಮ್ಮೆ ಬದಲಾಗುತ್ತದೆ, ಹಾಗಾಗಿ ಹಳೇ ಎಕ್ಸೆಲ್ ಶೀಟಿನಿಂದ ನಕಲು ಮಾಡಬಾರದು. ಹೋಟೆಲ್ ಅಥವಾ ಊಟವನ್ನು ಸಂಘಟಕರೇ ಕೊಟ್ಟರೆ ಆ ಪಾಲು ಕಡಿತ. ಇದನ್ನು ಮೊದಲೇ ಪತ್ರದಲ್ಲಿ ಹಾಕದಿದ್ದರೆ ಬಂದವರು ನಿಮ್ಮ ಜೊತೆ ಜಗಳ ಆಡುತ್ತಾರೆ, ಅದೂ ನ್ಯಾಯವೇ. ಭಾರತದ ಖಾತೆಗಳಿಗೆ ಯುರೋಪಿನಲ್ಲಿ ಕೇಳುವ ಐಬ್ಯಾನ್ ಎಂಬ ಅಂತರರಾಷ್ಟ್ರೀಯ ಖಾತೆ ಸಂಖ್ಯೆ ಇಲ್ಲ. ಖಾತೆ ಸಂಖ್ಯೆ ಮತ್ತು ವಿದೇಶದಿಂದ ಹಣ ಬರಲು ಬ್ಯಾಂಕನ್ನು ಗುರುತಿಸುವ ಸ್ವಿಫ್ಟ್ ಕೋಡ್ ಬೇಕು. ಸಣ್ಣ ಶಾಖೆಗೆ ಸ್ವಂತ ಸ್ವಿಫ್ಟ್ ಕೋಡ್ ಇರುವುದಿಲ್ಲ, ಯಾವ ಶಾಖೆಯದ್ದು ಹಾಕಬೇಕು ಅಂತ ಬ್ಯಾಂಕಿನಲ್ಲೇ ಕೇಳಿಸಿ. ಹಣ ಕೊಡುವ ದೇಣಿಗೆ ಒಪ್ಪಂದಗಳಿಗೆ ಮುಕ್ತಾಯದ ದಿನ ಇರುತ್ತದೆ, ಅದು ದಾಟಿದ ಮೇಲೆ ಬಂದ ಬಿಲ್ಲು ಯಾರ ತಲೆಗೂ ಕಟ್ಟಲಾಗದೆ ನಿಮ್ಮ ಮೇಜಿನ ಮೇಲೇ ಕೂರುತ್ತದೆ.

ಆನ್‌ಲೈನ್ ಸಭೆ ಸುಲಭ ಅಂದುಕೊಳ್ಳಬೇಡಿ. ವಾರಕ್ಕೊಮ್ಮೆ ಜಿನೀವಾ ಮಧ್ಯಾಹ್ನ 2ಕ್ಕೆ ಸಭೆ ಇಟ್ಟಿದ್ದೀರಿ ಅಂದುಕೊಳ್ಳಿ. ಚಳಿಗಾಲದಲ್ಲಿ ಬೆಂಗಳೂರಿಗೆ ಅದು ಸಂಜೆ 6:30, ನ್ಯೂಯಾರ್ಕಿಗೆ ಬೆಳಿಗ್ಗೆ 8, ಫಿಜಿಯ ಸುವಾಗೆ ಮಾರನೇ ದಿನದ ರಾತ್ರಿ 1 ಗಂಟೆ. ಮಾರ್ಚ್ ಎರಡನೇ ಭಾನುವಾರ ಅಮೆರಿಕದ ಗಡಿಯಾರ ಮುಂದೋಡುತ್ತದೆ, ಯುರೋಪಿನದ್ದು ಕೊನೆಯ ಭಾನುವಾರ. ನಡುವಿನ ವಾರಗಳಲ್ಲಿ ನ್ಯೂಯಾರ್ಕಿಗೆ ಅದೇ ಸಭೆ 9 ಗಂಟೆಗೆ. ಕೊನೆಯ ಭಾನುವಾರ ಕಳೆದ ಮೇಲೆ ಅವರಿಗೆ ಮತ್ತೆ 8, ಬೆಂಗಳೂರಿಗೆ ಮಾತ್ರ 5:30. ಕ್ಯಾಲೆಂಡರ್ ಆಹ್ವಾನದಲ್ಲಿ ಸಮಯವಲಯ ‘ಜಿನೀವಾ’ ಅಂತ ಇದೆಯೇ ನೋಡಿ, ಕೆಳಗೆ ಯುಟಿಸಿ (ಎಲ್ಲ ದೇಶಗಳಿಗೂ ಒಂದೇ ಆದ ಜಾಗತಿಕ) ಸಮಯವನ್ನೂ ಬರೆಯಿರಿ. ಅನುವಾದ ಇದ್ದರೆ ಅರ್ಧ ದಿನದ ಅಧಿವೇಶನ ಮೂರು ಗಂಟೆ ಮಾತ್ರ: ಸಾಮಾನ್ಯವಾಗಿ 10ರಿಂದ 1, 3ರಿಂದ 6. ಅಧ್ಯಕ್ಷರ ಮಾತು ಮುಗಿಯಲಿ ಬಿಡಲಿ, ದುಭಾಷಿಗಳು ಏಳುತ್ತಾರೆ. ಸ್ಲೈಡುಗಳನ್ನು ಅವರಿಗೆ ಹಿಂದಿನ ದಿನವೇ ಕಳಿಸಿರಬೇಕು.

ಇನ್ನು ಅರ್ಜಿ. ಈ ಹುದ್ದೆಗಳು ‘ಜಿ’ (ಜನರಲ್ ಸರ್ವಿಸ್, ಅಂದರೆ ಕಚೇರಿ ಸಹಾಯಕ ಸಿಬ್ಬಂದಿ) ದರ್ಜೆಯವು, ಸ್ಥಳೀಯ ನೇಮಕಾತಿ. ಜಿನೀವಾದ ಜಿ ಹುದ್ದೆಗೆ ಅಲ್ಲಿಗೆ ದಿನವೂ ಓಡಾಡುವಷ್ಟು ಹತ್ತಿರ ವಾಸವಿರುವವರನ್ನೇ ತೆಗೆದುಕೊಳ್ಳುತ್ತಾರೆ. ಬೆಂಗಳೂರಿನಿಂದ ಅಲ್ಲಿಗೆ ಅರ್ಜಿ ಹಾಕುವುದು ನನ್ನ ಪ್ರಕಾರ ಸಮಯ ವ್ಯರ್ಥ. ನಿಮಗೆ ದಾರಿ ಇರುವುದು ದೆಹಲಿಯಲ್ಲಿ: ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ಪ್ರಾದೇಶಿಕ ಕಚೇರಿ ಮತ್ತು ಭಾರತದ ಕಚೇರಿ. ಎಸ್‌ಎಸ್‌ಎ (ಸ್ಪೆಷಲ್ ಸರ್ವೀಸಸ್ ಅಗ್ರಿಮೆಂಟ್) ಎಂಬ ನಿಗದಿತ ಅವಧಿಯ ಗುತ್ತಿಗೆಗಳನ್ನೂ ಗಮನಿಸಿ. ವಿಶ್ವಸಂಸ್ಥೆಯ ಸ್ವಯಂಸೇವಕ ವ್ಯವಸ್ಥೆಯಲ್ಲಿ ಮನೆಯಿಂದಲೇ ಮಾಡುವ ಕೆಲಸಗಳೂ ಇರುತ್ತವೆ. ಆದರೆ ಕಾಲ ಅಷ್ಟು ಚೆನ್ನಾಗಿಲ್ಲ. 2025ರ ಜನವರಿಯಲ್ಲಿ ಅಮೆರಿಕ ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರಬರುವುದಾಗಿ ಘೋಷಿಸಿದ ಮೇಲೆ ಆ ಸಂಸ್ಥೆ ನೇಮಕಾತಿಗೆ ತಡೆ ಹಾಕಿತು, 2026–27ರ ಬಜೆಟ್ಟನ್ನು 420 ಕೋಟಿ ಡಾಲರಿಗೆ ಇಳಿಸಿತು. ಈಗಿನ ಕೆಲಸ ಬಿಟ್ಟು ಕಾಯಬೇಡಿ.

ಅರ್ಜಿಯಲ್ಲಿ ‘ಆಡಳಿತ ಅನುಭವ’ ಅಂತಷ್ಟೇ ಬರೆದರೆ ಯಾರೂ ನೋಡುವುದಿಲ್ಲ. ಎಷ್ಟು ಜನರ ಪ್ರಯಾಣ ನಿಭಾಯಿಸಿದಿರಿ, ಯಾವ ಸಾಫ್ಟ್‌ವೇರಿನಲ್ಲಿ ಖರೀದಿ ಆದೇಶ ಹಾಕಿದಿರಿ ಅಂತ ಬರೆಯಿರಿ. ನೇಮಕಾತಿಯ ಯಾವ ಹಂತದಲ್ಲೂ ವಿಶ್ವ ಆರೋಗ್ಯ ಸಂಸ್ಥೆ ಶುಲ್ಕ ಕೇಳುವುದಿಲ್ಲ. ಜಿಮೇಲ್ ವಿಳಾಸದಿಂದ ಆಫರ್ ಲೆಟರ್ ಕಳಿಸಿ ‘ವೀಸಾ ಡೆಪಾಸಿಟ್’ ಕಟ್ಟಿ ಅಂದರೆ ಅದು ಮೋಸ, ಉತ್ತರ ಕೊಡಲೂ ಹೋಗಬೇಡಿ.