ಎತ್ತಿದ ಕೈಯನ್ನು ತಡೆಯುವುದು ಯಾವುದು?

ಪ್ರಶ್ನೆ: ನನ್ನ ತಂಗಿಯ ಗಂಡ ಹೊರಗೆ ಬಹಳ ಸೌಮ್ಯರು, ಮನೆಯಲ್ಲಿ ಮಾತ್ರ ಅವಳ ಮೇಲೆ ಕೈ ಮಾಡುತ್ತಾರೆ. ಕೇಳಿದರೆ, ಸಿಟ್ಟು ಬಂದಾಗ ಮೈಮೇಲೆ ಪ್ರಜ್ಞೆಯೇ ಇರುವುದಿಲ್ಲ ಎನ್ನುತ್ತಾರೆ. ಒಮ್ಮೆ ಅವರು ಕೂಗಾಡುತ್ತಿದ್ದಾಗ ಮೇಲಧಿಕಾರಿಯ ಫೋನ್ ಬಂದಿತು. ತಕ್ಷಣ ದನಿ ತಗ್ಗಿಸಿ ನಯವಾಗಿ ಮಾತನಾಡಿದ್ದನ್ನು ನಾನೇ ಕಂಡಿದ್ದೇನೆ. ಇಂಥವರನ್ನು ಪೊಲೀಸರ ಭಯ ತಡೆಯಬಲ್ಲದೇ?

ಉತ್ತರ: ನೀವು ಕಂಡ ಆ ಫೋನ್ ಕರೆಯಲ್ಲೇ ಉತ್ತರದ ಬಹುಭಾಗವಿದೆ. ಪ್ರಜ್ಞೆ ತಪ್ಪಿದವರು ಮೇಲಧಿಕಾರಿಯ ಹೆಸರು ನೋಡಿ ದನಿ ತಗ್ಗಿಸಲಾರರು. ತಡೆದುಕೊಳ್ಳುವ ಶಕ್ತಿ ಅವರಲ್ಲಿದೆ. ಹೆಂಡತಿಯ ಮುಂದೆ ಅದನ್ನು ಬಳಸುವ ಅಗತ್ಯ ಅವರಿಗೆ ಕಂಡಿಲ್ಲ, ಏಕೆಂದರೆ ಹೊಡೆದುದರಿಂದ ಅವರು ಈವರೆಗೆ ಏನನ್ನೂ ಕಳೆದುಕೊಂಡಿಲ್ಲ.

ಪೊಲೀಸರ ಭಯದ ಬಗ್ಗೆ ಅಧ್ಯಯನಗಳು ನಡೆದಿವೆ. 1981–82ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಲಾರೆನ್ಸ್ ಶರ್ಮನ್ ಮತ್ತು ರಿಚರ್ಡ್ ಬರ್ಕ್ ನಡೆಸಿದ ಪ್ರಯೋಗದಲ್ಲಿ, ಹೊಡೆದವನನ್ನು ಬಂಧಿಸಬೇಕೇ, ಬುದ್ಧಿ ಹೇಳಿ ಬಿಡಬೇಕೇ ಅಥವಾ ಕೆಲವು ಗಂಟೆ ಮನೆಯಿಂದ ಹೊರಗೆ ಕಳಿಸಬೇಕೇ ಎಂಬುದನ್ನು ಪೊಲೀಸರ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದ ರೀತಿಯಲ್ಲಿ ಮೊದಲೇ ಗೊತ್ತುಪಡಿಸಲಾಗಿತ್ತು. ಮುಂದಿನ ಆರು ತಿಂಗಳ ಪೊಲೀಸ್ ದಾಖಲೆಗಳಲ್ಲಿ, ಮತ್ತೆ ಹಿಂಸೆಗಿಳಿದವರು ಬಂಧಿತರಲ್ಲಿ ಸುಮಾರು ಶೇ. 10, ಹೊರಗೆ ಕಳಿಸಲ್ಪಟ್ಟವರಲ್ಲಿ ಶೇ. 24. ಆದರೆ ಬೇರೆ ಕೆಲವು ನಗರಗಳಲ್ಲಿ ಇದೇ ಫಲ ಬರಲಿಲ್ಲ. ಮಿಲ್ವಾಕಿಯಲ್ಲಿ ಬಂಧನದ ಬಳಿಕ ಉದ್ಯೋಗಸ್ಥರ ಹಿಂಸೆ ತಗ್ಗಿದರೆ, ನಿರುದ್ಯೋಗಿಗಳದ್ದು ಹೆಚ್ಚಿತು. ಕೆಲಸ, ಹೆಸರು, ನಾಲ್ಕು ಜನರ ಗೌರವ ಪಣಕ್ಕಿದ್ದವನಿಗೆ ಮಾತ್ರ ಠಾಣೆಯ ಭಯ ನಾಟುತ್ತದೆ ಎಂದು ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ.

ನಿಮ್ಮ ತಂಗಿಯ ಗಂಡನಿಗೆ ಇವೆಲ್ಲ ಇವೆ. ಅವರನ್ನು ಈವರೆಗೆ ಕಾಪಾಡಿರುವುದು ಮನೆಯವರ ಮೌನ. ತಂಗಿಯ ಮೈಮೇಲಿನ ಗಾಯಗಳು ಬಟ್ಟೆಯಡಿ ಮುಚ್ಚಿಹೋಗುವ ಕಡೆಗಳಲ್ಲೇ ಇವೆಯೇ ಎಂದು ಗಮನಿಸಿ; ಹಾಗಿದ್ದರೆ, ಹೊಡೆಯುವಾಗಲೂ ಅವರಿಗೆ ಪ್ರಜ್ಞೆ ಇದೆ ಎಂದಾಯಿತು. ಅವರು ಗೌರವಿಸುವ ಗಂಡಸೊಬ್ಬರು, ಸ್ನೇಹಿತರಾಗಲಿ ಹಿರಿಯರಾಗಲಿ, “ನೀನು ಹೊಡೆಯುವುದು ನನಗೆ ಗೊತ್ತು, ಇದು ಸರಿಯಲ್ಲ” ಎಂದು ನೇರವಾಗಿ ಹೇಳುವುದು ಇಂಥವರಿಗೆ ತಾಗುತ್ತದೆ. ಹೆಂಡತಿ ನಿಜಕ್ಕೂ ಬಿಟ್ಟುಹೋಗಬಲ್ಲಳು ಎಂಬ ಅರಿವೂ ತಡೆಯುತ್ತದೆ. ಎಂದೋ ಒಮ್ಮೆ ಆಗಬಹುದಾದ ದೊಡ್ಡ ಶಿಕ್ಷೆಗಿಂತ, ಪ್ರತಿ ಸಲವೂ ತಪ್ಪದೆ ಎದುರಾಗುವ ಸಣ್ಣ ಪರಿಣಾಮ ಹೆಚ್ಚು ಕೆಲಸ ಮಾಡುತ್ತದೆ. ಕುಡಿತವಿದ್ದರೆ ಅದಕ್ಕೂ ಚಿಕಿತ್ಸೆ ಬೇಕು, ಆದರೆ ಅದನ್ನು ನೆಪವಾಗಲು ಬಿಡಬೇಡಿ.

ಇದರಲ್ಲಿ ಯಾವುದನ್ನೂ ತಂಗಿಯನ್ನು ಕೇಳದೆ ಮಾಡಬೇಡಿ. ವಿಷಯ ಹೊರಬಿದ್ದ ರಾತ್ರಿ ಅವರೊಡನೆ ಒಂಟಿಯಾಗಿರುವವಳು ಅವಳು. ಹೆಣ್ಣು ಬಿಟ್ಟುಹೋಗುವ ಹೊತ್ತೇ ಅತ್ಯಂತ ಅಪಾಯದ್ದು. ಆದ್ದರಿಂದ ಅವಳು ಹೊರಡಲು ತೀರ್ಮಾನಿಸಿದರೆ, ದಾಖಲೆಗಳೂ ಸ್ವಲ್ಪ ಹಣವೂ ನಿಮ್ಮ ಬಳಿ ಮೊದಲೇ ಇರಲಿ; ಅವಳು ಸುರಕ್ಷಿತ ಜಾಗ ತಲುಪುವವರೆಗೆ ಆ ಸುದ್ದಿ ಗಂಡನ ಕಿವಿಗೆ ಬೀಳದಿರಲಿ.