ಸರ್ಕಾರಿ ವಕೀಲರನ್ನು ನೇಮಿಸುವವರು ಯಾರು?

‘ನಮ್ಮಲ್ಲಿ ಮಾತ್ರ ದೊಡ್ಡವರಿಗೆ ಶಿಕ್ಷೆಯಾಗುವುದಿಲ್ಲವೇ? ಬೇರೆ ದೇಶಗಳ ಕಾನೂನು ಹೇಗಿದೆ?’ ಎಂದು ಕೇಳಿದ್ದೀರಿ. ಕಾನೂನಿನ ಅಕ್ಷರ ನೋಡಿದರೆ ನಮ್ಮದೇ ಬಿಗಿ. ಫ್ರಾನ್ಸಿನಲ್ಲಿ ಅಧ್ಯಕ್ಷರು ಅಧಿಕಾರದಲ್ಲಿರುವವರೆಗೆ ಅವರನ್ನು ಸಾಕ್ಷಿ ಹೇಳುವುದಕ್ಕೂ ಕರೆಯುವಂತಿಲ್ಲ. ದಕ್ಷಿಣ ಕೊರಿಯಾದಲ್ಲಿ ದಂಗೆ, ದೇಶದ್ರೋಹದಂಥ ಆರೋಪ ಬಿಟ್ಟರೆ ಅಧ್ಯಕ್ಷರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ನಮ್ಮ ಸಂವಿಧಾನದ 361ನೇ ವಿಧಿ ಆ ರಕ್ಷಣೆ ಕೊಟ್ಟಿರುವುದು ರಾಷ್ಟ್ರಪತಿ ಮತ್ತು ರಾಜ್ಯಪಾಲರಿಗೆ ಮಾತ್ರ; ಪ್ರಧಾನಿಗೂ ಇಲ್ಲ, ಮುಖ್ಯಮಂತ್ರಿಗೂ ಇಲ್ಲ.

ಹಾಗಾದರೆ ಎಡವುವುದು ಎಲ್ಲಿ? ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣವನ್ನೇ ನೋಡಿ. 2001ರಲ್ಲಿ ಅವರು ಮತ್ತೆ ಮುಖ್ಯಮಂತ್ರಿಯಾದರು. ಆಗಲೇ ಹೇಳಿಕೆ ಕೊಟ್ಟಿದ್ದ 76 ಸಾಕ್ಷಿಗಳನ್ನು ಚೆನ್ನೈ ನ್ಯಾಯಾಲಯಕ್ಕೆ ಮತ್ತೆ ಕರೆಸಲಾಯಿತು. 64 ಮಂದಿ ಮಾತು ಬದಲಿಸಿದರು. ಸರ್ಕಾರಿ ವಕೀಲರು ಅವರಿಗೆ ಪಾಟೀಸವಾಲನ್ನೂ ಹಾಕಲಿಲ್ಲ. ಏಕೆ ಹಾಕುತ್ತಾರೆ? ಅವರನ್ನು ನೇಮಿಸಿದ್ದೇ ಆರೋಪಿಯ ಸರ್ಕಾರ. 2003ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಬೆಂಗಳೂರಿಗೆ ವರ್ಗಾಯಿಸಿ, ವಿಶೇಷ ಸರ್ಕಾರಿ ವಕೀಲರನ್ನು ಕರ್ನಾಟಕವೇ ನೇಮಿಸಬೇಕೆಂದಿತು. ಈ ಒಂದು ಬದಲಾವಣೆಯಿಂದಲೇ ಪ್ರಕರಣ ಉಳಿಯಿತೆಂದು ನಾನು ದೃಢವಾಗಿ ನಂಬಿದ್ದೇನೆ. 2014ರ ಸೆಪ್ಟೆಂಬರ್ 27ರಂದು ಪರಪ್ಪನ ಅಗ್ರಹಾರದಲ್ಲಿ ನ್ಯಾಯಾಧೀಶ ಜಾನ್ ಮೈಕೆಲ್ ಡಿಕುನ್ಹಾ ಅವರು ನಾಲ್ಕು ವರ್ಷ ಜೈಲು, 100 ಕೋಟಿ ರೂಪಾಯಿ ದಂಡ ವಿಧಿಸಿದರು. ಅಧಿಕಾರದಲ್ಲಿದ್ದ ಮುಖ್ಯಮಂತ್ರಿ ಅಲ್ಲಿಂದಲೇ ಜೈಲಿಗೆ ಹೋದರು.

ಮುಂದಿನ ವರ್ಷ ಕರ್ನಾಟಕ ಹೈಕೋರ್ಟ್ ಖುಲಾಸೆ ಮಾಡಿತು. ಆ ತೀರ್ಪಿನಲ್ಲಿ ಆದಾಯವೆಂದು ಲೆಕ್ಕಕ್ಕೆ ಹಿಡಿದ ಹತ್ತು ಸಾಲಗಳ ಒಂದು ಪಟ್ಟಿಯಿದೆ. ನಾನು ಪೆನ್ನು ಹಿಡಿದು ಕೂಡಿಸಿದೆ, ಮತ್ತೊಮ್ಮೆ ಕೂಡಿಸಿದೆ: 10.67 ಕೋಟಿ. ತೀರ್ಪಿನಲ್ಲಿ ಬರೆದಿದ್ದ ಮೊತ್ತ 24.17 ಕೋಟಿ! ಆ ಲೆಕ್ಕದಲ್ಲಿ ಆದಾಯಕ್ಕೆ ಮೀರಿದ ಆಸ್ತಿ ಶೇ 8.12 ಮಾತ್ರ, ಶೇ 10ರೊಳಗಿದ್ದರೆ ಬಿಡಬಹುದೆಂಬ ಹಳೆಯ ತೀರ್ಪು ಇತ್ತು. ಕೂಡಿಕೆ ಸರಿಪಡಿಸಿದರೆ ಅದೇ ಅಂಕಿ ಶೇ 76 ದಾಟುತ್ತದೆ. ಇದನ್ನು ಎತ್ತಿ ತೋರಿಸಿ ಮೇಲ್ಮನವಿಗೆ ಒತ್ತಾಯಿಸಿದವರು ಕರ್ನಾಟಕದ ಪರ ವಾದಿಸಿದ್ದ ಬಿ.ವಿ. ಆಚಾರ್ಯ. ಎಂಬತ್ತು ದಾಟಿದ ಆ ಹಿರಿಯರನ್ನು ನೆನೆದರೆ ಈಗಲೂ ನನಗೆ ಕೈಮುಗಿಯಬೇಕೆನಿಸುತ್ತದೆ.

ಬೇರೆಡೆ ಕೊರತೆಯಿಲ್ಲವೆಂದಲ್ಲ. ಕೊರಿಯಾದ ಅಧ್ಯಕ್ಷೆ ಪಾರ್ಕ್ ಗ್ಯುನ್ ಹೇ 2017ರ ಮಾರ್ಚ್‌ನಲ್ಲಿ ಪದಚ್ಯುತರಾದ ಮೂರೇ ವಾರಕ್ಕೆ ಜೈಲು ಸೇರಿದರು. 2021ರ ಕೊನೆಗೆ ಕ್ಷಮಾದಾನ ಪಡೆದು ಹೊರಬಂದರು. ಫ್ರಾನ್ಸಿನ ಮಾಜಿ ಅಧ್ಯಕ್ಷ ಸರ್ಕೋಜಿ 2025ರ ಅಕ್ಟೋಬರಿನಲ್ಲಿ ಮೇಲ್ಮನವಿ ಬಾಕಿಯಿರುವಾಗಲೇ ಜೈಲಿಗೆ ಹೋಗಿ, ಮೂರು ವಾರದೊಳಗೆ ಬಿಡುಗಡೆಯಾದರು. ಆದರೂ ಅಲ್ಲಿ ಆರೋಪಿ ಬದುಕಿರುವಾಗಲೇ ತೀರ್ಪು ಬಂದಿತ್ತು.

ನಮ್ಮಲ್ಲಿ 1991ರಿಂದ 96ರವರೆಗಿನ ಆಸ್ತಿಯ ಬಗ್ಗೆ ಸುಪ್ರೀಂ ಕೋರ್ಟ್ ಖುಲಾಸೆಯನ್ನು ರದ್ದುಮಾಡಿ ಕೊನೆಯ ಮಾತು ಹೇಳಿದ್ದು 2017ರ ಫೆಬ್ರುವರಿ 14ರಂದು. ಉಳಿದ ಮೂವರು ಆರೋಪಿಗಳು ಪರಪ್ಪನ ಅಗ್ರಹಾರದ ಜೈಲಿಗೆ ಹೋದರು. ಮೊದಲ ಆರೋಪಿ ಜಯಲಲಿತಾ ತೀರಿಕೊಂಡು ಎರಡು ತಿಂಗಳು ಕಳೆದಿತ್ತು.